ಮೆಟ್ಸಮೋರ್: ಆರಿದ ಸ್ಥಾವರ ಮತ್ತೆ ಹೊತ್ತಿದ ಕತೆ

1988ರ ಡಿಸೆಂಬರ್ 7ರಂದು ಆರ್ಮೇನಿಯಾದ ಸ್ಪಿಟಾಕ್ ಭೂಕಂಪದಲ್ಲಿ ಸುಮಾರು 25,000 ಜನ ಸತ್ತರು. ಮೆಟ್ಸಮೋರ್ ಅಣುವಿದ್ಯುತ್ ಸ್ಥಾವರಕ್ಕೆ ಹಾನಿಯಾಗಲಿಲ್ಲ. ಆದರೆ ಚೆರ್ನೋಬಿಲ್ ದುರಂತ ನಡೆದು ಮೂರು ವರ್ಷವೂ ಕಳೆದಿರಲಿಲ್ಲ. ಹೆದರಿದ ಸರ್ಕಾರ 1989ರಲ್ಲಿ ಎರಡೂ ರಿಯಾಕ್ಟರುಗಳನ್ನು ನಿಲ್ಲಿಸಿತು.

ಸೋವಿಯತ್ ಒಕ್ಕೂಟ ಒಡೆದು, ಕರಾಬಖ್ ಯುದ್ಧದಿಂದಾಗಿ ಅಜರ್‌ಬೈಜಾನ್ ಇಂಧನದ ದಾರಿ ಮುಚ್ಚಿದಾಗ ಆ ನಿರ್ಧಾರದ ಬೆಲೆ ತಿಳಿಯಿತು. ರಾಜಧಾನಿ ಯೆರೆವಾನ್‌ನಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟು ಬಂದರೆ ಹೆಚ್ಚು. ಕೊರೆಯುವ ಚಳಿಗೆ ಜನ ಉದ್ಯಾನಗಳ ಮರಗಳನ್ನೇ ಕಡಿದು ಒಲೆಗೆ ಹಾಕಿದರು. ಜಲವಿದ್ಯುತ್ತಿಗಾಗಿ ಸೆವಾನ್ ಸರೋವರದ ನೀರನ್ನು ಮಿತಿಮೀರಿ ಹರಿಸಲಾಯಿತು.

ಕೊನೆಗೆ, ಸುರಕ್ಷತೆಯನ್ನು ಒಂದಿಷ್ಟು ಬಿಗಿಗೊಳಿಸಿ 1995ರಲ್ಲಿ ಎರಡನೇ ಘಟಕವನ್ನು ಮತ್ತೆ ಶುರು ಮಾಡಿದರು; ಮೊದಲನೆಯದು ಮತ್ತೆ ತೆರೆಯಲೇ ಇಲ್ಲ. ಸ್ಥಾವರದ ಕೆಳಗಿನ ನೆಲ ಬದಲಾಗಿರಲಿಲ್ಲ. ಜನ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದರು ಎಂಬುದು ಬದಲಾಗಿತ್ತು.