ಸೇಡಂ–ಚಿತ್ತಾಪುರ ಸೀಮೆಯಲ್ಲಿ ವಸ್ತ್ರಶುದ್ಧಿಯ ಪದ್ಧತಿ: ಒಂದು ಐತಿಹಾಸಿಕ ಪರಿಶೀಲನೆ

೧. ಪೀಠಿಕೆ

ಅರಸರ ವಂಶಾವಳಿ, ಯುದ್ಧ, ದಾನಶಾಸನ ಇವುಗಳನ್ನು ಕುರಿತು ನಮ್ಮಲ್ಲಿ ವಿಪುಲವಾದ ಬರವಣಿಗೆ ಬಂದಿದೆ. ಆದರೆ ಆ ಅರಸರ ಪ್ರಜೆಗಳು ಉಟ್ಟ ಬಟ್ಟೆಯನ್ನು ಎಷ್ಟು ದಿನಕ್ಕೊಮ್ಮೆ ಒಗೆಯುತ್ತಿದ್ದರು, ಹೊದೆದ ಕೌದಿಯನ್ನು ವರ್ಷಕ್ಕೆ ಎಷ್ಟು ಸಲ ನೀರಿಗೆ ಹಾಕುತ್ತಿದ್ದರು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಮೇಲುನೋಟಕ್ಕೆ ಇದು ಅಲ್ಪವಾದ ಪ್ರಶ್ನೆಯೆಂದು ತೋರಬಹುದು. ಆದರೆ ಬಯಲುಸೀಮೆಯ ಜನರ ಶುಚಿತ್ವವನ್ನು ಕುರಿತು ಹೊರಗಿನವರು ಲಘುವಾಗಿ ಮಾತನಾಡುವ ರೂಢಿ ಇರುವವರೆಗೆ, ಇದಕ್ಕೆ ಉತ್ತರ ಹುಡುಕುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವೇ ಸರಿ.

ಪ್ರಸ್ತುತ ಲೇಖನದಲ್ಲಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಸೀಮೆಯನ್ನು ಪರಿಶೀಲನೆಗೆ ತೆಗೆದುಕೊಂಡಿದ್ದೇವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಈ ಸೀಮೆಯಲ್ಲಿಯೇ ಕಾಗಿಣಾ ನದಿಯ ದಂಡೆಯಲ್ಲಿದೆ. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನಾಡು ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಒಗೆತದಂತಹ ದಿನಬಳಕೆಯ ಕೆಲಸದ ವಿಷಯದಲ್ಲಿ ಲಿಖಿತ ದಾಖಲೆಗಳು ಬಹುಮಟ್ಟಿಗೆ ಮೌನವಾಗಿವೆ. ಆದುದರಿಂದ ನೆಲ, ನೀರು, ಭಾಷೆ, ಹಬ್ಬದ ಆಚಾರ, ಕಸುಬಿನ ಕ್ರಮ ಇವುಗಳನ್ನೇ ನಾವು ಆಕರಗಳನ್ನಾಗಿ ಇಟ್ಟುಕೊಂಡಿದ್ದೇವೆ.

೨. ನೆಲ ಮತ್ತು ನೀರು

ಶಹಾಬಾದದ ಹೆಸರು ದೇಶದ ಉದ್ದಗಲಕ್ಕೂ ಪರಿಚಿತವಾದುದು ಅಲ್ಲಿಯ ಹಾಸುಗಲ್ಲಿನಿಂದ. ಜನರು ಫರಸಿಯೆಂದು ಕರೆಯುವ ಈ ಕಲ್ಲು ಪದರಪದರವಾಗಿ ಏಳುವ ಸುಣ್ಣಕಲ್ಲು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಹೆಸರಿಸಿರುವ ಅತಿ ಪ್ರಾಚೀನ ನಿಕ್ಷೇಪಕ್ಕೆ ಇದು ಸೇರಿದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಬಹುಭಾಗ ಈ ಕಲ್ಲಿನ ಮೇಲೆ ನಿಂತಿದೆ. ಚಿಂಚೋಳಿಯ ಎತ್ತರದ ಭಾಗದಲ್ಲಿ ಮಾತ್ರ ಕಪ್ಪುಶಿಲೆಯೂ ಅದರ ಮೇಲೆ ಜಂಬಿಟ್ಟಿಗೆಯೂ ಕಾಣಬರುತ್ತವೆ.

ಈ ನೆಲದ ಗುಣವು ಒಗೆತವನ್ನು ಎರಡು ವಿಧದಲ್ಲಿ ನಿರ್ಧರಿಸಿದೆ. ಮೊದಲನೆಯದಾಗಿ, ಬಚ್ಚಲಲ್ಲಿ, ಬಾವಿಯ ಕಟ್ಟೆಯಲ್ಲಿ, ಹಳ್ಳದ ದಂಡೆಯಲ್ಲಿ ಬಟ್ಟೆ ಬಡಿಯಲು ಬೇಕಾದ ಚಪ್ಪಟೆ ಕಲ್ಲನ್ನು ನಿಸರ್ಗವೇ ಒದಗಿಸಿಕೊಟ್ಟಿತು. ಎರಡನೆಯದಾಗಿ, ಅದೇ ಕಲ್ಲು ಅಂತರ್ಜಲದಲ್ಲಿ ಕರಗಿ ಬಾವಿಯ ನೀರನ್ನು ಗಡಸು ಮಾಡಿತು. ಗಡಸು ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಗಟ್ಟುವುದಿಲ್ಲ. ಸುಣ್ಣದ ಅಂಶದೊಡನೆ ಸೇರಿ ಗಸಿಯಾಗಿ ಬಟ್ಟೆಯ ಮೇಲೆಯೇ ಕೂಡುತ್ತದೆ. ಹೀಗೆ ಒಗೆಯಲು ಕಲ್ಲು ಕೊಟ್ಟ ನೆಲವೇ ಒಗೆತಕ್ಕೆ ಅಡ್ಡಿಯನ್ನೂ ತಂದಿತು.

ಇದರ ಜೊತೆಗೆ ಎರೆಭೂಮಿಯನ್ನೂ ಗಮನಿಸಬೇಕು. ಮಳೆಗಾಲದಲ್ಲಿ ತೊಗರಿಯ ಹೊಲದ ಎರೆಮಣ್ಣು ಧೋತರದ ಅಂಚಿಗೂ ಸೀರೆಯ ನೆರಿಗೆಗೂ ಅಂಟಿ ಒಣಗಿದರೆ ಕೊಡವಿದರೆ ಹೋಗುವಂತಹುದಲ್ಲ. ಬೇಸಿಗೆಯಲ್ಲಾದರೋ ಹಳ್ಳಗಳು ಬತ್ತುತ್ತವೆ, ಬಾವಿಯ ನೀರು ತಳ ಸೇರುತ್ತದೆ. ಒಗೆಯುವ ಅಗತ್ಯ ಹೆಚ್ಚಾದಾಗ ಬಿಸಿಲಿಲ್ಲ. ಬಿಸಿಲು ಹೆಚ್ಚಾದಾಗ ನೀರಿಲ್ಲ. ಈ ಸೀಮೆಯ ಒಗೆತದ ಕಾಲಕ್ರಮವನ್ನು ಈ ಇಕ್ಕಟ್ಟಿನ ಹಿನ್ನೆಲೆಯಲ್ಲಿಯೇ ಅರ್ಥ ಮಾಡಿಕೊಳ್ಳಬೇಕು.

೩. ಒಗೆತದ ಮೂರು ಆವರ್ತಗಳು

ಹಳೆಯ ಗೃಹಜೀವನದಲ್ಲಿ ಒಗೆತವು ಒಂದೇ ಕೆಲಸವಾಗಿರಲಿಲ್ಲ. ದಿನದ್ದು, ವಾರದ್ದು, ವರ್ಷದ್ದು ಎಂದು ಮೂರು ಆವರ್ತಗಳನ್ನು ನಾವು ಗುರುತಿಸಬಹುದು.

ದಿನದ ಒಗೆತವೆಂದರೆ ಜಳಕದ ವೇಳೆಗೆ ಮೈಮೇಲಿನ ಬಟ್ಟೆಯನ್ನು ನೀರಿನಲ್ಲಿ ಜಾಲಿಸಿ ಹಿಂಡಿ ಹರವುವುದು. ಇದಕ್ಕೆ ಸಾಬೂನಿನ ಅಗತ್ಯವಿರಲಿಲ್ಲ. ಬೆವರಿನ ಉಪ್ಪು ನೀರಿನಲ್ಲಿಯೇ ಕರಗಿ ಹೋಗುತ್ತದೆ. ಮಡಿ ಪಾಲಿಸುವ ಮನೆಗಳಲ್ಲಿ ಇದು ಕಟ್ಟುನಿಟ್ಟಾದ ನಿಯಮ. ಆದರೆ ಮಡಿ ಬೇರೆ, ಶುಚಿ ಬೇರೆ. ನೀರಿನಲ್ಲಿ ಅದ್ದಿ ಯಾರೂ ಮುಟ್ಟದಂತೆ ಒಣಗಿಸಿದ ಹಳೆಯ ಬಟ್ಟೆ ಮಡಿಯೆನಿಸುತ್ತದೆ. ಚೆನ್ನಾಗಿ ಒಗೆದ ಬಟ್ಟೆಯೂ ಅನ್ಯರು ಮುಟ್ಟಿದರೆ ಮೈಲಿಗೆಯೆನಿಸುತ್ತದೆ. ಈ ಭೇದವನ್ನು ಮರೆತರೆ ಒಗೆತದ ಲೆಕ್ಕ ತಪ್ಪುತ್ತದೆ.

ಎರಡನೆಯದು ಅಗಸನ ಒಗೆತ. ವಾರಕ್ಕೋ ಹದಿನೈದು ದಿನಕ್ಕೋ ಮನೆಯ ಬಟ್ಟೆಗಳು ಗಂಟಾಗಿ ಅವನ ಕೈಸೇರುತ್ತಿದ್ದವು. ಆತ ಅವನ್ನು ಸವಳು ಮಣ್ಣಿನ ಅಥವಾ ಬೂದಿಯ ತಿಳಿಯಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಬೇಯಿಸಿ, ಅನಂತರ ಹಳ್ಳದ ಬಂಡೆಯ ಮೇಲೆ ಬಡಿದು ಒಗೆಯುತ್ತಿದ್ದನು. ಈ ಕ್ರಮವನ್ನು ಕೇವಲ ರೂಢಿಯೆಂದು ತಳ್ಳಿಹಾಕುವಂತಿಲ್ಲ. ಸವಳು ಮಣ್ಣಿನಲ್ಲಿಯೂ ಬೂದಿಯಲ್ಲಿಯೂ ಇರುವ ಕ್ಷಾರವು ನೀರಿನ ಸುಣ್ಣವನ್ನು ಕೆಳಗಿಳಿಸುತ್ತದೆ. ಕುದಿಸುವುದರಿಂದಲೂ ಗಡಸುತನದ ಒಂದಂಶ ಕಳೆಯುತ್ತದೆ. ಅಂದರೆ ರಸಾಯನಶಾಸ್ತ್ರವು ಗಡಸು ನೀರಿಗೆ ಹೇಳುವ ಪರಿಹಾರವನ್ನು ಅಗಸನು ಅನುಭವದಿಂದಲೇ ಕಂಡುಕೊಂಡಿದ್ದನು. ಆದರೆ ಉಬ್ಬೆಗೆ ಉರುವಲು ಬೇಕು. ಕಾಡಿಲ್ಲದ ಈ ಬಯಲಿನಲ್ಲಿ ಕುಳ್ಳು, ತೊಗರಿಕಟ್ಟಿಗೆಗಳೇ ಉರುವಲು. ಅವು ಮೊದಲು ಅಡುಗೆಯ ಒಲೆಗೆ ಸಲ್ಲಬೇಕು. ಉಬ್ಬೆಯನ್ನು ಪ್ರತಿದಿನ ಹೂಡುವುದು ಸಾಧ್ಯವಿರಲಿಲ್ಲ. ಬಟ್ಟೆಗಳು ಒಟ್ಟುಗೂಡಿದ ಮೇಲೆಯೇ ಹೂಡಬೇಕಾಗಿತ್ತು. ವಾರದ ಅಂತರಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಮೂರನೆಯದು ಹಾಸಿಗೆಯ ಒಗೆತ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ದಾರ ಓಡಿಸಿ ಹೊಲಿದ ಕೌದಿಯು ಒಣಗಿದ್ದಾಗಲೇ ಭಾರ. ನೆನೆದರೆ ಒಬ್ಬರಿಂದ ಎತ್ತಲಾಗದು. ಅದನ್ನು ಹಿಂಡಲು ಇಬ್ಬರು ಎದುರುಬದುರು ನಿಂತು ಹುರಿಗೊಳಿಸಬೇಕು. ಒಣಗಲು ಇಡೀ ದಿನದ ಬಿಸಿಲು ಬೇಕು. ಆದುದರಿಂದ ಮಾನವಮಿಗೆ ಮುಂಚೆ, ಘಟಸ್ಥಾಪನೆಯೊಳಗಾಗಿ, ಮನೆಯ ಕೌದಿ ಜಮಖಾನಗಳನ್ನೆಲ್ಲ ಹಳ್ಳಕ್ಕೋ ಹೊಳೆಗೋ ಒಯ್ದು ಒಗೆಯುವ ಪದ್ಧತಿ ಬೆಳೆಯಿತು. ಮಹಾರಾಷ್ಟ್ರದಲ್ಲಿಯೂ ನವರಾತ್ರಿಗೆ ಮೊದಲು ಗೋಧಡಿಗಳನ್ನು ಒಗೆಯುವ ವಾಡಿಕೆಯಿದೆ. ಇದಕ್ಕೆ ಧಾರ್ಮಿಕ ಕಾರಣವಿರುವುದು ನಿಜ. ಆದರೆ ವರ್ಷದಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದು ಬಿಸಿಲೂ ಮರಳಿ ಬರುವ ಕಾಲ ಅದೊಂದೇ ಎಂಬುದನ್ನು ಮರೆಯಬಾರದು. ಮೇಲೆ ಹೇಳಿದ ಇಕ್ಕಟ್ಟು ಸಡಿಲವಾಗುವ ಕೆಲವು ದಿನಗಳನ್ನು ಹಬ್ಬವು ಹಿಡಿದುಕೊಟ್ಟಿದೆ.

ಉಳಿದ ತಿಂಗಳುಗಳಲ್ಲಿ ಹಾಸಿಗೆಯ ಶುದ್ಧಿ ಬಿಸಿಲಿನದು. ನಲವತ್ತು ಡಿಗ್ರಿಗೆ ಮೀರಿದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹರವಿದ ಕೌದಿಯ ತೇವವೂ ವಾಸನೆಯೂ ಹೋಗುತ್ತವೆ. ತಿಗಣೆಗಳು ಅಡಗುವ ಮಡಿಕೆಗಳು ಬಯಲಾಗುತ್ತವೆ. ಉಣ್ಣೆಯ ಕಂಬಳಿಗೆ ಮೈಲಿಗೆಯಿಲ್ಲವೆಂಬ ನಂಬಿಕೆಯೂ ನೀರಿನಲ್ಲಿ ಅದು ಮುದುಡುತ್ತದೆಂಬ ಅನುಭವವೂ ಒಂದಕ್ಕೊಂದು ಒತ್ತಾಸೆಯಾದವು. ಅರಳೆ ತುಂಬಿದ ಗಾದಿಯನ್ನು ಒಗೆಯುವಂತೆಯೇ ಇಲ್ಲ. ಪಿಂಜಾರನು ಬಂದು ಅರಳೆಯನ್ನು ಮತ್ತೆ ಹಿಂಜಿಕೊಡಬೇಕು.

ಈ ಮೂರು ಆವರ್ತಗಳಿಗೂ ಆಧಾರವಾದ ಒಂದು ಸಂಗತಿಯುಂಟು: ಒಂದು ಬಟ್ಟೆಯನ್ನು ಒಗೆಯಲು ಉಡಲು ಇನ್ನೊಂದಿರಬೇಕು. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಇದ್ದು, ಋತುವಿಗೆ ತಕ್ಕಂತೆ ಅರಸನು ಧರಿಸಬೇಕಾದ ಬಟ್ಟೆಗಳ ವಿವರಣೆಯಿದೆ. ಅರಸನಿಗೆ ಪ್ರಶ್ನೆ ಬದಲಾಯಿಸುವುದರದು, ಬಡವನಿಗೆ ಒಗೆಯುವುದರದು. ೧೯೧೭ರಲ್ಲಿ ಬಿಹಾರದ ಚಂಪಾರಣ್ಯದಲ್ಲಿದ್ದಾಗ ಗಾಂಧೀಜಿಯವರು ಅಲ್ಲಿಯ ಹೆಂಗಸರ ಬಟ್ಟೆ ಕೊಳೆಯಾಗಿರುವುದನ್ನು ಕಂಡು, ಕಾರಣ ವಿಚಾರಿಸುವಂತೆ ಕಸ್ತೂರಬಾ ಅವರಿಗೆ ಹೇಳಿದರು. ಒಬ್ಬಾಕೆ ಅವರನ್ನು ತನ್ನ ಗುಡಿಸಿಲಿಗೆ ಕರೆದೊಯ್ದು, ತಾನು ಉಟ್ಟ ಸೀರೆಯಲ್ಲದೆ ಬೇರೊಂದು ತನಗಿಲ್ಲವೆಂಬುದನ್ನು ತೋರಿಸಿಕೊಟ್ಟಳು. ಈ ಪ್ರಸಂಗ ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ಕೊಳೆಯನ್ನು ಅಜ್ಞಾನವೆಂದು ಎಣಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

೪. ಮಡಿವಾಳನ ಕಾಯಕ ಮತ್ತು ಬಿಟ್ಟಿ

ಹಳಗನ್ನಡದ ‘ಅಸಗ’ ಎಂಬ ಶಬ್ದವೇ ಅಕ್ಷರ ಪಲ್ಲಟದಿಂದ ‘ಅಗಸ’ವಾಯಿತೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಮಡಿಯನ್ನು ಒದಗಿಸುವವನು ಮಡಿವಾಳ. ಗಡಿಯ ತೆಲುಗು ಮಾತಿನಲ್ಲಿ ಅವನು ಚಾಕಲಿ, ಉರ್ದುವಿನಲ್ಲಿ ಧೋಬಿ. ಈ ಎಲ್ಲ ಹೆಸರುಗಳೂ ಬಳಕೆಯಲ್ಲಿರುವ ಸೀಮೆ ಇದು.

ಹನ್ನೆರಡನೆಯ ಶತಮಾನದಲ್ಲಿ ನೆರೆಯ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಸ್ವೀಕರಿಸಿದ್ದ ಮಡಿವಾಳ ಮಾಚಯ್ಯನು ವಚನಕಾರನೂ ಹೌದು. ದೇವರ ಹಿಪ್ಪರಗಿಯಿಂದ ಬಂದ ಈತನು ಭಕ್ತರಲ್ಲದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವೆಂದು ಸಂಪ್ರದಾಯ ಹೇಳುತ್ತದೆ. ಕೊಳೆಯನ್ನು ಮುಟ್ಟುವವನೇ ಕೀಳು ಎಂಬ ಭಾವನೆಯನ್ನು ಇದು ತಲೆಕೆಳಗು ಮಾಡಿತು: ಯಾರ ಬಟ್ಟೆಯನ್ನು ಒಗೆಯಬೇಕೆಂದು ನಿರ್ಧರಿಸುವ ಅಧಿಕಾರ ಒಗೆಯುವವನದೇ ಆಯಿತು. ಶರಣರು ಸೂತಕಗಳನ್ನು ನಿರಾಕರಿಸಿದುದೂ ಇದರೊಡನೆ ಸಂಬಂಧಿಸಿದ ಸಂಗತಿಯೇ.

ಆದರೆ ಗ್ರಾಮಜೀವನದ ವಾಸ್ತವ ಬೇರೆಯಾಗಿತ್ತು. ಅಗಸನು ಆಯಗಾರರಲ್ಲೊಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಜೋಳವನ್ನು ಪಡೆಯುವುದೇ ಅವನ ವೇತನ. ಒಗೆದ ಬಟ್ಟೆಗೆ ಎಣಿಕೆಯಿಲ್ಲ, ಕೂಲಿಗೆ ಮಾತ್ರ ಅಳತೆಯುಂಟು. ನಿಜಾಮರ ರಾಜ್ಯದಲ್ಲಿ ಜಮೀನುದಾರರಿಗೂ ಅಧಿಕಾರಿಗಳಿಗೂ ಬಿಟ್ಟಿ ಚಾಕರಿ ಸಲ್ಲಿಸಬೇಕಾಗಿದ್ದ ಕಸುಬುದಾರರಲ್ಲಿ ಅಗಸರೂ ಸೇರಿದ್ದರು. ನೆರೆಯ ತೆಲಂಗಾಣದಲ್ಲಿ ೧೯೪೦ರ ದಶಕದ ರೈತ ಹೋರಾಟದ ಕಾಲದಲ್ಲಿ ಪಾಲಕುರ್ತಿಯ ಚಾಕಲಿ ಐಲಮ್ಮ ದೇಶಮುಖನಿಗೆ ಎದುರಾಗಿ ತನ್ನ ಬೆಳೆಯನ್ನೂ ನೆಲವನ್ನೂ ಉಳಿಸಿಕೊಳ್ಳಲು ನಿಂತುದು ಸುಪ್ರಸಿದ್ಧವಾಗಿದೆ.

ಇನ್ನೊಂದು ಕಹಿ ಸತ್ಯವನ್ನೂ ಇಲ್ಲಿ ಹೇಳಬೇಕು. ಅನೇಕ ಗ್ರಾಮಗಳಲ್ಲಿ ಅಸ್ಪೃಶ್ಯರೆನಿಸಿದವರ ಬಟ್ಟೆ ಊರ ಅಗಸನ ಉಬ್ಬೆಗೆ ಸೇರುತ್ತಿರಲಿಲ್ಲ. ಊರ ಬಾವಿಯ ನೀರೂ ಅವರಿಗೆ ದೊರೆಯುತ್ತಿರಲಿಲ್ಲ. ನೀರನ್ನೂ ಸೇವೆಯನ್ನೂ ತಡೆದು, ಆಮೇಲೆ ಅವರನ್ನೇ ಕೊಳೆಯವರೆಂದು ಕರೆದ ಸಮಾಜದ ಮಾತನ್ನು ಪ್ರಮಾಣವೆಂದು ಇತಿಹಾಸಕಾರನು ಸ್ವೀಕರಿಸಲಾಗದು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಅಸ್ಪೃಶ್ಯತೆಯ ಕಾರಣದಿಂದ ಸೇವೆಯನ್ನು ನಿರಾಕರಿಸುವುದನ್ನು ದಂಡನೀಯ ಅಪರಾಧವನ್ನಾಗಿ ಮಾಡಿತು.

೫. ರೈಲು, ಕಾರ್ಖಾನೆ, ಸಾಬೂನು

೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಶಹಾಬಾದ, ವಾಡಿಗಳು ಹೊರಜಗತ್ತಿಗೆ ತೆರೆದುಕೊಂಡವು. ಗಣಿಗಳು ಬೆಳೆದವು, ಸಿಮೆಂಟ್ ಉದ್ಯಮ ಬಂದಿತು. ೧೯೬೮ರಲ್ಲಿ ವಾಡಿಯಲ್ಲಿಯೂ ಅನಂತರ ಸೇಡಂ, ಮಳಖೇಡಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದವು. ಕಲ್ಲಿನ ಧೂಳಿನಲ್ಲಿ ದುಡಿಯುವವನ ಬಟ್ಟೆ ವಾರದ ಉಬ್ಬೆಗೆ ಕಾಯುವಂತಹುದಲ್ಲ. ಸಿಮೆಂಟಿನ ಪುಡಿ ಹತ್ತಿದ ಅಂಗಿಯನ್ನು ಮೊದಲು ಚೆನ್ನಾಗಿ ಕೊಡವದೆ ನೀರಿಗೆ ಹಾಕಿದರೆ ಪುಡಿ ನೂಲಿನಲ್ಲಿಯೇ ಗಟ್ಟಿಯಾಗುತ್ತದೆ. ಹೀಗೆ ಪ್ರತಿದಿನದ ಒಗೆತ ಅನಿವಾರ್ಯವಾಯಿತು. ಆ ಕೆಲಸ ಅಗಸನದಾಗದೆ ಮನೆಯ ಹೆಂಗಸರದಾಯಿತು.

ರೈಲಿನ ಕಾಲವು ರೋಗಗಳ ಕಾಲವೂ ಆಗಿತ್ತು. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಕಲಕತ್ತೆಯ ಕೊಳವೊಂದರ ನೀರಿನಲ್ಲಿ ಕಾಲರಾ ಜೀವಾಣುವನ್ನು ಗುರುತಿಸಿದನು. ಕಾಲರಾದಿಂದ ಸತ್ತವನ ಬಟ್ಟೆಯನ್ನು ಅದೇ ಕೊಳದಲ್ಲಿ ಒಗೆದಿದ್ದರು. ಸುತ್ತಲಿನವರು ಅದರ ನೀರನ್ನೇ ಬಳಸುತ್ತಿದ್ದರು. ಎಷ್ಟು ಬಾರಿ ಒಗೆಯುತ್ತಾರೆ ಎಂಬುದಕ್ಕಿಂತ ಎಲ್ಲಿ ಒಗೆಯುತ್ತಾರೆ ಎಂಬುದು ಮುಖ್ಯವಾಗಬಹುದೆಂಬ ಪಾಠ ಇದು.

ಇಂಗ್ಲೆಂಡಿನ ಸನ್‌ಲೈಟ್ ಸಾಬೂನು ೧೮೮೮ರಲ್ಲಿ ಭಾರತದ ಪೇಟೆಗೆ ಬಂದಿತು. ಆದರೆ ಸುಣ್ಣದ ನೀರಿನ ಈ ಸೀಮೆಯಲ್ಲಿ ಸಾಬೂನು ಬಹಳ ಸವೆಯುತ್ತಿತ್ತು, ಫಲ ಕಡಿಮೆ ಕೊಡುತ್ತಿತ್ತು. ನಿಜವಾದ ಬದಲಾವಣೆ ತಂದುದು ೧೯೫೯ರಲ್ಲಿ ಬಂದ ಸರ್ಫ್, ೧೯೬೯ರಲ್ಲಿ ಆರಂಭವಾದ ಅಗ್ಗದ ನಿರ್ಮಾ ಮೊದಲಾದ ಪುಡಿಗಳು. ಇವುಗಳಲ್ಲಿನ ಕೃತಕ ಮಾರ್ಜಕವು ಸುಣ್ಣದೊಡನೆ ಸಾಬೂನಿನಂತೆ ಗಸಿಗಟ್ಟುವುದಿಲ್ಲ. ಉಬ್ಬೆಯಿಲ್ಲದೆ, ಉರುವಲಿಲ್ಲದೆ, ಮನೆಯ ಬಕೆಟ್ಟಿನಲ್ಲಿಯೇ ಗಡಸು ನೀರಿನ ಒಗೆತ ಸಾಧ್ಯವಾಯಿತು. ಮೆದು ನೀರಿನ ಮಲೆನಾಡಿನಲ್ಲಿ ಇದು ಕೇವಲ ಅನುಕೂಲ; ಶಹಾಬಾದದ ಸುಣ್ಣಕಲ್ಲಿನ ಮೇಲೆ ಇದು ಗೃಹಕೃತ್ಯದ ವ್ಯವಸ್ಥೆಯನ್ನೇ ಬದಲಿಸಿದ ಸಂಗತಿ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ಒಗೆತದ ಅಂತರವು ಜನರ ಶೀಲದ ಅಳತೆಯಲ್ಲ. ಅದು ನೀರಿನ ಗುಣ, ಉರುವಲಿನ ಪ್ರಮಾಣ, ಎರಡನೆಯ ಬಟ್ಟೆಯ ಲಭ್ಯತೆ, ದುಡಿಯುವ ಕೈಗಳು ಇವುಗಳ ಅಳತೆ. ವರ್ಷಕ್ಕೊಮ್ಮೆ ಒಗೆದ ಕೌದಿ ಅಲಕ್ಷ್ಯದ ಗುರುತಲ್ಲ. ನೀರು ಮತ್ತು ಬಿಸಿಲು ಕೂಡಿದ ಅಪರೂಪದ ದಿನವನ್ನು ತಿಳಿದು ಬಳಸಿದ ವಿವೇಕದ ಗುರುತು.

ಎರಡನೆಯದು, ಒಗೆತ ಹೆಚ್ಚಿದಂತೆ ಅದರ ಹೊರೆ ಇಳಿಯಲಿಲ್ಲ, ಕೈ ಬದಲಾಯಿಸಿತು. ಅಗಸನು ಆಯ ಮತ್ತು ಬಿಟ್ಟಿಗಳಿಂದ ಬಿಡುಗಡೆ ಹೊಂದಿದುದು ನ್ಯಾಯವೇ ಸರಿ. ಆದರೆ ಅವನು ಇಳಿಸಿದ ಗಂಟನ್ನು ಎತ್ತಿಕೊಂಡವಳು ಗೃಹಿಣಿ. ಅವಳಿಗೆ ಕಣದಲ್ಲಿ ಆಯದ ಜೋಳವೂ ಇಲ್ಲ. ಭಾರತ ಸರ್ಕಾರದ ೨೦೧೯ರ ಕಾಲ ಬಳಕೆಯ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. ೨೦೨೪ರ ಸಮೀಕ್ಷೆಯಲ್ಲಿ ಈ ಅಂಕಿಗಳು ೨೮೯ ಮತ್ತು ೮೮. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯ ನಲ್ಲಿ ಅಂಗಳಕ್ಕೆ ಬಂದಲ್ಲಿ ಹಳ್ಳಕ್ಕೆ ಹೋಗುವ ದಾರಿ ಉಳಿಯುತ್ತದೆ. ಬಂಡೆಯ ಮುಂದೆ ಬಗ್ಗಿ ನಿಲ್ಲುವವರು ಯಾರೆಂಬುದನ್ನು ಮಾತ್ರ ನಲ್ಲಿ ನಿರ್ಧರಿಸಲಾರದು.

ಈ ಸೀಮೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆಯುಂಟು. ಉಬ್ಬೆ ಹೂಡುವ ಕ್ರಮ, ಸವಳು ಮಣ್ಣು ತರುತ್ತಿದ್ದ ಜಾಗ, ಕೌದಿ ಒಗೆಯಲು ಹೋಗುತ್ತಿದ್ದ ಹಳ್ಳ, ಇವುಗಳನ್ನು ಬಲ್ಲ ಹಿರಿಯರು ಅವರವರ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಂಡರೆ, ಶಾಸನಗಳು ಹೇಳದ ಚರಿತ್ರೆಯ ಒಂದು ಭಾಗ ಉಳಿದೀತು.