ಪಿಕ್ಸ್ ಪೆಟ್ಟಿಗೆಯ ಲೆಕ್ಕ

ಸರಾಸರಿಯನ್ನು ಒರೆಗೆ ಹಚ್ಚುವ ವಿದ್ಯೆ 20ನೇ ಶತಮಾನದ್ದೆಂದು ಸಂಖ್ಯಾಶಾಸ್ತ್ರ ಓದಿದವರು ಭಾವಿಸುವುದುಂಟು. ಲಂಡನ್ನಿನ ಟಂಕಸಾಲೆಯಲ್ಲಿ ಅದರ ರೂಢಿ ಏಳು ಶತಮಾನಗಳಿಗೂ ಹಳೆಯದು. 1282ರಷ್ಟು ಹಿಂದೆಯೇ ದಾಖಲಾಗಿರುವ 'ಪಿಕ್ಸ್ ವಿಚಾರಣೆ'ಯ ಕ್ರಮ ಸರಳ. ಅಚ್ಚಾದ ನಾಣ್ಯಗಳಲ್ಲಿ ಕೆಲವನ್ನು ಆಗಾಗ ತೆಗೆದು 'ಪಿಕ್ಸ್' ಎಂಬ ಬೀಗದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಕಾಲಕಾಲಕ್ಕೆ ಪೆಟ್ಟಿಗೆ ತೆರೆದು, ನಾಣ್ಯಗಳನ್ನು ಒಟ್ಟಿಗೆ ತೂಗಿ, ಲೋಹದ ಚೊಕ್ಕತನವನ್ನೂ ನೋಡುತ್ತಿದ್ದರು. ಕರಾರಿನ ತೂಕಕ್ಕಿಂತ ಗೊತ್ತುಪಡಿಸಿದ ಮಿತಿ ಮೀರಿ ಕಡಿಮೆ ಬಂದರೆ ಟಂಕಸಾಲೆಯ ಮುಖ್ಯಸ್ಥನೇ ಹೊಣೆ. ಮಾದರಿ, ಪ್ರಾಕ್ಕಲ್ಪನೆ, ತಿರಸ್ಕಾರದ ಗೆರೆ ಮೂರೂ ಇಲ್ಲಿದ್ದವು.

ಎಡವಿದ್ದು ಆ ಗೆರೆ ಎಳೆಯುವಲ್ಲಿ. ಒಂದು ನಾಣ್ಯಕ್ಕೆ ಇಷ್ಟು ವ್ಯತ್ಯಾಸ ಸಲ್ಲುವುದಾದರೆ ನೂರಕ್ಕೆ ಅದರ ನೂರು ಪಟ್ಟು ಎಂಬುದು ಅವರ ಎಣಿಕೆ. ಆದರೆ ಒಂದು ನಾಣ್ಯ ಹಗುರವಾದರೆ ಇನ್ನೊಂದು ಭಾರವಾಗಿ ಸರಿದೂಗುವುದರಿಂದ ಒಟ್ಟು ತೂಕದ ಏರುಪೇರು ಸಂಖ್ಯೆಯ ವರ್ಗಮೂಲದಂತೆ ಮಾತ್ರ ಬೆಳೆಯುತ್ತದೆ. ನಾಣ್ಯವೊಂದರ ಸಹಜ ಏರುಪೇರೂ ಸಲ್ಲುವ ಮಿತಿಯೂ ಒಂದೊಂದು ಗ್ರೇನ್ (ತೂಕದ ಒಂದು ಸಣ್ಣ ಅಳತೆ) ಎಂದುಕೊಳ್ಳೋಣ. ನೂರು ನಾಣ್ಯಗಳ ಒಟ್ಟು ತೂಕದ ಏರುಪೇರು ಸುಮಾರು 10 ಗ್ರೇನ್, ಮಿತಿಯೋ 100. ಪ್ರತಿ ನಾಣ್ಯದಲ್ಲೂ ಅರ್ಧ ಗ್ರೇನ್ ಉಳಿಸಿಕೊಂಡ ಮುಖ್ಯಸ್ಥ ಒಟ್ಟು 50 ಗ್ರೇನ್ ಕಡಿಮೆ ಕೊಟ್ಟೂ ನಿರಾಳವಾಗಿ ಪಾರಾಗಬಹುದಿತ್ತು. ನಾಣ್ಯಗಳ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ, ಒಂದೇ ಕಾರಣದಿಂದ ಎಲ್ಲವೂ ಹಗುರವಾಗಬಹುದು, ಆದ್ದರಿಂದ ಗುಣಾಕಾರವೇ ನ್ಯಾಯ ಎಂದು ವಾದಿಸಬಹುದು. ವಾದದಲ್ಲಿ ಹುರುಳಿದೆ. ಆದರೆ ಎಲ್ಲವೂ ಒಟ್ಟಿಗೆ ಹಗುರವಾಗುವುದನ್ನು ಹಿಡಿಯಲೆಂದೇ ಇದ್ದ ವಿಚಾರಣೆ ಅದನ್ನೇ ಮನ್ನಿಸಿದರೆ ಉಳಿಯುವುದು ಶಾಸ್ತ್ರ ಮಾತ್ರ.

ಈ ವರ್ಗಮೂಲದ ಗಣಿತವೇ ಆಗ ಹುಟ್ಟಿರಲಿಲ್ಲವಲ್ಲ, ಅವರನ್ನೇಕೆ ದೂರಬೇಕು? ನಿಜ. 1699ರಿಂದ 1727ರವರೆಗೆ ಸ್ವತಃ ನ್ಯೂಟನ್ ಟಂಕಸಾಲೆಯ ಮುಖ್ಯಸ್ಥನಾಗಿದ್ದ. ಅವನ ಗೆಳೆಯ, ಗಣಿತಜ್ಞ ಡಿ ಮಾವ್ರ್ ವರ್ಗಮೂಲದ ನಿಯಮವನ್ನು ಸ್ಪಷ್ಟಪಡಿಸಿದ್ದು 1730ರ ದಶಕದಲ್ಲಿ. ಆದರೆ ಕೊರತೆ ಸೂತ್ರದ್ದಷ್ಟೇ ಅಲ್ಲ. ಒಟ್ಟಿಗೆ ತೂಗಿದ ಗಳಿಗೆಯಲ್ಲೇ ನಾಣ್ಯದಿಂದ ನಾಣ್ಯಕ್ಕಿರುವ ವ್ಯತ್ಯಾಸ ಕಣ್ಮರೆಯಾಗುತ್ತಿತ್ತು. ಸರಾಸರಿ ಸಿಗುತ್ತಿತ್ತು, ಅದನ್ನು ಎಷ್ಟು ನಂಬಬಹುದೆಂಬುದು ಸಿಗುತ್ತಿರಲಿಲ್ಲ. 1908ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಗಾಸೆಟ್, 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಪ್ರಬಂಧ ಹಿಡಿದದ್ದು ಇದೇ ಎಳೆಯನ್ನು: ಬೆರಳೆಣಿಕೆಯ ಅಳತೆಗಳೊಳಗಿನ ಏರುಪೇರಿನಿಂದಲೇ ಅವುಗಳ ಸರಾಸರಿಯ ಭರವಸೆಯನ್ನು ಅಳೆಯುವುದು. ಪಿಕ್ಸ್ ವಿಚಾರಣೆ ಇಂದಿಗೂ ವರ್ಷವರ್ಷ ನಡೆಯುತ್ತದೆ. ಅದರ ಇತಿಹಾಸ ಕಲಿಸುವುದಿಷ್ಟು: ಮಾದರಿಯನ್ನು ಎಷ್ಟೇ ಪ್ರಾಮಾಣಿಕವಾಗಿ ಆರಿಸಿದರೂ, ಅದರೊಳಗಿನ ಏರುಪೇರನ್ನು ಅಳೆಯದ ತನಕ ತೀರ್ಪಿಗೆ ಆಧಾರವಿಲ್ಲ.