ಮನೆಯ ಕಾಫಿ ಹುರಿಯುವ ಯಂತ್ರ: ಸುರಕ್ಷತಾ ಗಡುವು ಮತ್ತು ಅದನ್ನು ಮೀರುವ ಯತ್ನ

ಹಸಿ ಕಾಫಿ ಬೀಜವನ್ನು ಮನೆಯಲ್ಲಿಯೇ ಹುರಿದುಕೊಳ್ಳಲೆಂದು ತಯಾರಾಗುವ ವಿದ್ಯುತ್ ಯಂತ್ರಗಳು ಸಾಮಾನ್ಯವಾಗಿ ಒಂದು ಗಡುವಿಗೆ ಒಳಪಟ್ಟಿರುತ್ತವೆ. ನಿಗದಿತ ಅವಧಿ ಮುಗಿದೊಡನೆ ಅಥವಾ ಬಳಕೆದಾರರು ಯಂತ್ರದ ಬಳಿ ಇದ್ದಾರೆಂಬುದಕ್ಕೆ ಗುಂಡಿ ಒತ್ತಿ ಸಾಕ್ಷ್ಯ ನೀಡದಿದ್ದಲ್ಲಿ, ಯಂತ್ರವು ಶಾಖವನ್ನು ತಾನೇ ಕಡಿತಗೊಳಿಸುತ್ತದೆ. ಬೀಜ ಇನ್ನೂ ಹದಕ್ಕೆ ಬರುವ ಮೊದಲೇ ಯಂತ್ರ ನಿಂತುಹೋಗುತ್ತದೆ ಎಂಬ ಬೇಸರದಿಂದ ಕೆಲವು ಹವ್ಯಾಸಿಗಳು ಈ ಗಡುವನ್ನೇ ನಿಷ್ಕ್ರಿಯಗೊಳಿಸಲು ಯಂತ್ರವನ್ನು ಬಿಚ್ಚಿ ಮಾರ್ಪಡಿಸುವುದುಂಟು. ಗಡುವು ಇರುವುದೇಕೆ, ಅದನ್ನು ತೆಗೆದರೆ ಆಗುವುದೇನು, ತೆಗೆಯದೆಯೇ ಉತ್ತಮ ಹುರಿತ ಪಡೆಯುವುದು ಹೇಗೆ ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಹುರಿದ ಕಾಫಿ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬರುವ ಮುನ್ನ ಅಮೆರಿಕ ಮತ್ತು ಯೂರೋಪಿನ ಮನೆಗಳಲ್ಲಿ ಹಸಿ ಬೀಜವನ್ನು ಕೊಂಡು ಒಲೆಯ ಮೇಲೆ ಹುರಿದುಕೊಳ್ಳುವುದೇ ವಾಡಿಕೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಗಳು ಆ ಕೆಲಸವನ್ನು ವಹಿಸಿಕೊಂಡ ಬಳಿಕ ಈ ಪದ್ಧತಿ ಕ್ಷೀಣಿಸಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅದು ಹವ್ಯಾಸದ ರೂಪದಲ್ಲಿ ಮರಳಿತು. ಅಮೆರಿಕದ ಲೇಖಕ ಕೆನೆತ್ ಡೇವಿಡ್ಸ್ ಮನೆ ಹುರಿತವನ್ನು ಕುರಿತು ಬರೆದ ಕೈಪಿಡಿ 1996ರಲ್ಲಿ ಪ್ರಕಟವಾಯಿತು.

ಆರಂಭದ ದಿನಗಳಲ್ಲಿ ಹವ್ಯಾಸಿಗಳ ಕೈಗೆ ಸಿಕ್ಕಿದ ಅಗ್ಗದ ಉಪಕರಣವೆಂದರೆ ಬಿಸಿಗಾಳಿಯಿಂದ ಜೋಳ ಅರಳಿಸುವ ಪಾಪ್‌ಕಾರ್ನ್ ಯಂತ್ರ. ಜೋಳ ಕೆಲವೇ ನಿಮಿಷಗಳಲ್ಲಿ ಅರಳಿ ಮುಗಿಯುತ್ತದೆ. ಕಾಫಿಗೆ ಅದಕ್ಕಿಂತ ಹೆಚ್ಚಿನ ಸಮಯ ಮತ್ತು ಶಾಖ ಬೇಕು. ಹೀಗಾಗಿ ಯಂತ್ರದೊಳಗಿನ ಉಷ್ಣನಿಯಂತ್ರಕವು ನಡುವೆಯೇ ಶಾಖವನ್ನು ಕಡಿಯುತ್ತಿತ್ತು. ಆ ನಿಯಂತ್ರಕವನ್ನು ತೆಗೆದುಹಾಕುವುದರೊಂದಿಗೆ ಸುರಕ್ಷತಾ ವ್ಯವಸ್ಥೆಯನ್ನು ಮೀರುವ ಪರಿಪಾಠ ಮೊದಲಾಯಿತೆನ್ನಬಹುದು.

ಮುಂದೆ ಕಾಫಿಗೆಂದೇ ರೂಪಿಸಿದ ಯಂತ್ರಗಳು ಬಂದವು. ಫ್ರೆಶ್‌ರೋಸ್ಟ್ ಮಾದರಿಗಳು ಬಿಸಿಗಾಳಿಯಲ್ಲಿ ಬೀಜವನ್ನು ತೇಲಿಸಿ ಹುರಿಯುತ್ತವೆ. ಕೊರಿಯಾದ ಜೀನ್ ಕೆಫೆ ಯಂತ್ರದಲ್ಲಿ ಗಾಜಿನ ಕೋಶ ಓರೆಯಾಗಿ ಉರುಳುತ್ತದೆ. ಅಮೆರಿಕದ ಬೆಹ್‌ಮೋರ್ 1600 ಮಾದರಿಯಲ್ಲಿ ತಂತಿಬಲೆಯ ಉರುಳೆಯು ಕಾಯುವ ಕೊಳವೆಗಳ ಎದುರು ತಿರುಗುತ್ತದೆ. ಇದರ ಹೆಸರಿನಲ್ಲಿರುವ ಅಂಕಿಯೇ ವಿದ್ಯುತ್ ಬಳಕೆಯ ವ್ಯಾಟ್ ಪ್ರಮಾಣವನ್ನು ಸೂಚಿಸುತ್ತದೆ.

ಬೀಜದೊಳಗೆ ನಡೆಯುವುದೇನು?

ಹಸಿ ಬೀಜದಲ್ಲಿ ಸುಮಾರು ಶೇ. 10ರಿಂದ 12ರಷ್ಟು ತೇವಾಂಶವಿರುತ್ತದೆ. ಹುರಿತದ ಮೊದಲ ಹಂತದಲ್ಲಿ ಈ ನೀರು ಆವಿಯಾಗುತ್ತದೆ. ಬೀಜ ಹಸಿರಿನಿಂದ ಹಳದಿಗೆ ತಿರುಗುತ್ತದೆ. ಬಳಿಕ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆಯಿಂದ ಕಂದು ಬಣ್ಣವೂ ಪರಿಮಳವೂ ಮೂಡುತ್ತವೆ. ಬೀಜದ ಉಷ್ಣಾಂಶ ಸುಮಾರು 196 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದಾಗ ಒಳಗಿನ ಆವಿಯ ಒತ್ತಡಕ್ಕೆ ಬೀಜ ಬಿರಿದು ಚಟಪಟ ಸದ್ದು ಕೇಳಿಸುತ್ತದೆ. ಇದನ್ನು ಮೊದಲ ಸಿಡಿತವೆಂದು ಕರೆಯುತ್ತಾರೆ. ಸುಮಾರು 225 ಡಿಗ್ರಿಯ ಹೊತ್ತಿಗೆ ಎರಡನೆಯ ಸಿಡಿತ ಆರಂಭವಾಗಿ, ಎಣ್ಣೆಯಂಶ ಬೀಜದ ಮೇಲ್ಮೈಗೆ ಬರತೊಡಗುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಸಿಡಿತದ ಹಂತದಲ್ಲಿ ಬೀಜವು ಶಾಖವನ್ನು ಹೀರುವುದರ ಬದಲು ಹೊರಸೂಸಲು ತೊಡಗುತ್ತದೆ. ಎಂದರೆ ಕೊನೆಯ ನಿಮಿಷಗಳಲ್ಲಿ ಉಷ್ಣಾಂಶವು ನಿರೀಕ್ಷೆಗಿಂತ ವೇಗವಾಗಿ ಏರಬಲ್ಲದು. ಎರಡನೆಯದು, ಬೀಜಕ್ಕೆ ಅಂಟಿಕೊಂಡಿರುವ ತೆಳುಪೊರೆ ಒಣಗಿ ಹೊಟ್ಟಾಗಿ ಉದುರುತ್ತದೆ. ಕಾಗದದಷ್ಟು ಹಗುರವಾದ ಈ ಹೊಟ್ಟು ಕಾದ ಕೊಳವೆಗೆ ತಗುಲಿದರೆ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುತ್ತದೆ. ಎಣ್ಣೆ ಬಿಟ್ಟ ಬೀಜ, ಒಣ ಹೊಟ್ಟು, ಏರುತ್ತಿರುವ ಶಾಖ ಈ ಮೂರೂ ಹುರಿತದ ಅಂತ್ಯದಲ್ಲಿಯೇ ಒಟ್ಟುಗೂಡುತ್ತವೆ.

ಗಡುವಿನ ಉದ್ದೇಶ

ಈ ಕಾರಣದಿಂದಲೇ ತಯಾರಕರು ಹುರಿತದ ಕೊನೆಯ ಭಾಗದ ಮೇಲೆ ಕಾವಲು ಇರಿಸುತ್ತಾರೆ. ಬೆಹ್‌ಮೋರ್ ಯಂತ್ರದ ಪರಿಷ್ಕೃತ ಮಾದರಿಯಲ್ಲಿ, ನಿಗದಿಪಡಿಸಿದ ಅವಧಿಯ ಶೇ. 75ರಷ್ಟು ಕಳೆದಾಗ ಬಳಕೆದಾರರು ಗುಂಡಿಯೊಂದನ್ನು ಒತ್ತಬೇಕು. ಒತ್ತದಿದ್ದಲ್ಲಿ ಯಂತ್ರ ದೋಷಸಂಕೇತ ತೋರಿಸಿ ಹುರಿತವನ್ನು ನಿಲ್ಲಿಸುತ್ತದೆ. 16 ನಿಮಿಷದ ಹುರಿತವಾದರೆ ಈ ಕ್ಷಣ 12ನೆಯ ನಿಮಿಷಕ್ಕೆ ಬರುತ್ತದೆ. ಫ್ರೆಶ್‌ರೋಸ್ಟ್‌ನ ಕೆಲವು ಮಾದರಿಗಳಲ್ಲಿ ಸಮಯಸೂಚಕವು ಒಮ್ಮೆಗೆ 9.9 ನಿಮಿಷವನ್ನು ಮೀರದು; ಹೆಚ್ಚು ಸಮಯ ಬೇಕಿದ್ದವರು ಹುರಿತದ ನಡುವೆ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. ಎರಡರ ತಾತ್ಪರ್ಯವೂ ಒಂದೇ: ಯಂತ್ರದ ಮುಂದೆ ಮನುಷ್ಯರೊಬ್ಬರು ನಿಂತಿರಬೇಕು.

ಸಮಯದ ಗಡುವಿನ ಜೊತೆಗೆ ಇನ್ನೂ ಎರಡು ರಕ್ಷಣೆಗಳಿರುವುದು ವಾಡಿಕೆ. ಒಂದು, ಉಷ್ಣಾಂಶ ಏರಿದಾಗ ಸಂಪರ್ಕ ಕಡಿದು, ಇಳಿದಾಗ ಮತ್ತೆ ಬೆಸೆಯುವ ಉಷ್ಣನಿಯಂತ್ರಕ. ಇನ್ನೊಂದು, ಮಿತಿ ಮೀರಿದಾಗ ಒಮ್ಮೆ ಕರಗಿ ಶಾಶ್ವತವಾಗಿ ಸಂಪರ್ಕ ಕಡಿಯುವ ಉಷ್ಣ ಫ್ಯೂಸ್. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂಬುದೇ ಈ ವ್ಯವಸ್ಥೆಯ ತತ್ತ್ವ.

ಬಳಕೆದಾರರ ಅಸಮಾಧಾನಕ್ಕೆ ಕಾರಣ

ಗಡುವಿನ ಬಗೆಗಿನ ದೂರು ಸಂಪೂರ್ಣ ನಿರಾಧಾರವೇನಲ್ಲ. ಯಂತ್ರದ ಕಾಲಾವಧಿಯನ್ನು ನಿಗದಿಪಡಿಸುವಾಗ ಸಮರ್ಪಕ ವಿದ್ಯುತ್ ಒತ್ತಡ ಮತ್ತು ಸಾಧಾರಣ ಹವೆಯನ್ನು ತಯಾರಕರು ಊಹಿಸಿಕೊಂಡಿರುತ್ತಾರೆ. ಮನೆಗಳಲ್ಲಿನ ಸ್ಥಿತಿ ಬೇರೆಯೇ ಇರಬಹುದು.

ಕಾಯುವ ಸುರುಳಿಯ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಮೆರಿಕದ 120 ವೋಲ್ಟ್ ಪೂರೈಕೆ 108ಕ್ಕೆ ಇಳಿದರೆ, ಕುಸಿತ ಕೇವಲ ಶೇ. 10 ಎನಿಸಿದರೂ ಶಾಖ ಶೇ. 81ಕ್ಕೆ ಇಳಿಯುತ್ತದೆ. 1600 ವ್ಯಾಟ್‌ನ ಯಂತ್ರ ಆಗ ಸುಮಾರು 1300 ವ್ಯಾಟ್‌ನಷ್ಟೇ ಶಾಖ ನೀಡುತ್ತದೆ. ತೆಳುವಾದ, ಉದ್ದನೆಯ ಎಕ್ಸ್‌ಟೆನ್ಷನ್ ತಂತಿಯ ಬಳಕೆಯಿಂದಲೂ ಇದೇ ಪರಿಣಾಮ ಉಂಟಾಗುತ್ತದೆ. ಹೊಗೆಗೆ ಅಂಜಿ ಚಳಿಗಾಲದಲ್ಲಿ ಗ್ಯಾರೇಜು ಅಥವಾ ಹಿತ್ತಿಲಿನಲ್ಲಿ ಹುರಿಯುವವರಿಗೆ ತಣ್ಣನೆಯ ಗಾಳಿಯೂ ಅಡ್ಡಿಯಾಗುತ್ತದೆ. ಇದರ ಮೇಲೆ ಗರಿಷ್ಠ ಪ್ರಮಾಣದ ಬೀಜ ತುಂಬಿದರೆ, ಗಡುವು ಮುಗಿದರೂ ಬೀಜ ಮೊದಲ ಸಿಡಿತವನ್ನೇ ದಾಟಿರುವುದಿಲ್ಲ.

ಮಾರ್ಪಾಡುಗಳ ಬಗೆ

ಇಂತಹ ಸಂದರ್ಭಗಳಲ್ಲಿ ಕೈಗೊಳ್ಳುವ ಮಾರ್ಪಾಡುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಯಂತ್ರದ ಸಮಯ ನಿಯಂತ್ರಣವನ್ನು ಬದಿಗೊತ್ತಿ ಕಾಯುವ ಸುರುಳಿಗೆ ನೇರ ಸಂಪರ್ಕ ಕೊಡುವುದು. ಎರಡನೆಯದು, ಉಷ್ಣನಿಯಂತ್ರಕ ಅಥವಾ ಉಷ್ಣ ಫ್ಯೂಸನ್ನು ತೆಗೆದುಹಾಕುವುದು. ಮೂರನೆಯದು, ಫ್ಯಾನು ಮತ್ತು ಸುರುಳಿಗಳಿಗೆ ಪ್ರತ್ಯೇಕ ಪೂರೈಕೆ ಒದಗಿಸಿ ಹೊರಗಿನಿಂದ ನಿಯಂತ್ರಿಸುವುದು.

ಮೂರರಲ್ಲಿಯೂ ಸಮಾನವಾದ ಲೋಪವೊಂದಿದೆ. ಯಂತ್ರದ ಒಂದು ಭಾಗ ಕೆಟ್ಟರೆ ಶಾಖವನ್ನು ತಡೆಯುವ ಮತ್ತೊಂದು ಭಾಗ ಅಲ್ಲಿ ಉಳಿಯುವುದಿಲ್ಲ. ಫ್ಯಾನು ನಿಂತು ಸುರುಳಿ ಉರಿಯುತ್ತಲೇ ಇರಬಹುದು. ಉರುಳೆಯ ಮೋಟಾರು ಸಿಲುಕಿಕೊಂಡರೆ ಬೀಜವೆಲ್ಲ ಒಂದೇ ಕಡೆ ಕಾಯುತ್ತದೆ. ರಿಲೇಯ ಸಂಪರ್ಕಬಿಂದುಗಳು ಬೆಸೆದುಕೊಂಡರೆ ಸ್ವಿಚ್ಚಿನಲ್ಲಿ ಆರಿಸಿದರೂ ಶಾಖ ಆರದು. ಇವು ವಿದ್ಯುತ್ ಉಪಕರಣಗಳಲ್ಲಿ ಅಪರೂಪದ ದೋಷಗಳಲ್ಲ. ಗಡುವು ಇದ್ದಾಗ ಇಂತಹ ದೋಷವು ಕರಿದ ಬೀಜ ಮತ್ತು ಒಂದಷ್ಟು ಹೊಗೆಯಲ್ಲಿ ಮುಗಿಯುತ್ತದೆ. ಇಲ್ಲದಿದ್ದಾಗ ಅಡುಗೆಮನೆಗೆ ಹರಡಬಲ್ಲದು. ಇದಲ್ಲದೆ ತಯಾರಕರ ಖಾತರಿ ರದ್ದಾಗುತ್ತದೆ. ಅವಘಡ ಸಂಭವಿಸಿದಲ್ಲಿ ವಿಮೆಯ ಹಕ್ಕುಸಾಧನೆಗೂ ತೊಡಕಾಗಬಹುದು.

ಬಳಕೆದಾರರು ತಾವೇ ಎದುರು ನಿಂತಿರುತ್ತೇವೆ, ಹಾಗಿರುವಾಗ ಗಡುವು ಏಕೆ ಎಂದು ಕೇಳುವುದುಂಟು. ದೂರವಾಣಿ ಕರೆ, ಬಾಗಿಲ ಗಂಟೆ, ಅಳುವ ಮಗು ಇವುಗಳಲ್ಲಿ ಯಾವುದಾದರೊಂದು ಮೂರು ನಿಮಿಷ ಗಮನ ಸೆಳೆದರೆ ಸಾಕು. ಎರಡನೆಯ ಸಿಡಿತದಿಂದ ಬೆಂಕಿಯವರೆಗಿನ ಅಂತರ ಅದಕ್ಕಿಂತ ಹೆಚ್ಚೇನೂ ಇರಲಾರದು.

ರುಚಿಯ ದೃಷ್ಟಿಯಿಂದ

ಗಡುವನ್ನು ಮೀರುವುದರಿಂದ ರುಚಿಯಲ್ಲಿಯೂ ಅಪೇಕ್ಷಿತ ಲಾಭ ದೊರೆಯದೆಂಬುದನ್ನು ಇಲ್ಲಿ ಹೇಳಬೇಕು. ಬೀಜ ಹದಕ್ಕೆ ಬಾರದಿರಲು ನಿಜವಾದ ಕಾರಣ ಸಮಯದ ಕೊರತೆಯಲ್ಲ, ಶಾಖದ ಕೊರತೆ. ಸಾಕಷ್ಟು ಶಾಖವಿಲ್ಲದೆ ಅವಧಿಯನ್ನಷ್ಟೇ ಎಳೆದರೆ ಬೀಜ ಹುರಿಯುವ ಬದಲು ಬೇಯಿಸಿದಂತಾಗುತ್ತದೆ. ಬಣ್ಣ ಸರಿಯಾಗಿಯೇ ಕಂಡರೂ ಹುಳಿ, ಸಿಹಿ ಎರಡೂ ಮಂಕಾಗಿ, ಪರಿಮಳವಿಲ್ಲದ ಸಪ್ಪೆ ಕಾಫಿ ಸಿದ್ಧವಾಗುತ್ತದೆ. 25 ನಿಮಿಷ ಎಳೆದ ಹುರಿತಕ್ಕಿಂತ ಅರ್ಧದಷ್ಟು ಬೀಜವನ್ನು 12 ನಿಮಿಷದಲ್ಲಿ ಹುರಿದದ್ದು ಲೋಟದಲ್ಲಿ ಮೇಲೆನಿಸುವುದು ಇದರಿಂದಲೇ.

ಗಡುವಿನೊಳಗೇ ಇರುವ ಪರಿಹಾರಗಳು

ಯಂತ್ರವನ್ನು ಬಿಚ್ಚದೆಯೇ ಅನುಸರಿಸಬಹುದಾದ ಕ್ರಮಗಳು ಹೀಗಿವೆ:

1. ಬೀಜದ ಪ್ರಮಾಣವನ್ನು ತಗ್ಗಿಸುವುದು. ಯಂತ್ರದ ಗರಿಷ್ಠ ಪ್ರಮಾಣದ ಅರ್ಧ ಅಥವಾ ಮುಕ್ಕಾಲು ಭಾಗ ಹಾಕಿ, ಪೂರ್ಣ ಪ್ರಮಾಣಕ್ಕೆ ನಿಗದಿಯಾದ ಅವಧಿಯನ್ನು ಕೈಪಿಡಿ ಒಪ್ಪಿದ ಮಟ್ಟಿಗೆ ಬಳಸಿಕೊಳ್ಳಬಹುದು. ಆದರೆ ಕಡಿಮೆ ಬೀಜ ಬೇಗನೆ ಹದಕ್ಕೆ ಬರುವುದರಿಂದ ಇಲ್ಲಿ ಕಣ್ಣು, ಕಿವಿ ಎರಡೂ ಎಚ್ಚರವಾಗಿರಬೇಕು.

2. ವೋಲ್ಟೇಜನ್ನು ಅಳೆಯುವುದು. ಯಂತ್ರ ಚಾಲನೆಯಲ್ಲಿರುವಾಗಲೇ ಅಳೆದರೆ ನಿಜಸ್ಥಿತಿ ತಿಳಿಯುತ್ತದೆ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಬೇಕು. ಅದೇ ಮಾರ್ಗದಲ್ಲಿ ಗೀಸರ್, ಇಸ್ತ್ರಿಪೆಟ್ಟಿಗೆ ಚಾಲನೆಯಲ್ಲಿರಬಾರದು.

3. ಕೈಪಿಡಿ ಅನುಮತಿಸಿದಷ್ಟು ಮಾತ್ರ ಯಂತ್ರವನ್ನು ಮುಂಚಿತವಾಗಿ ಕಾಯಿಸುವುದು.

4. ಪ್ರತಿ ಹುರಿತದ ನಂತರ ಹೊಟ್ಟಿನ ತಟ್ಟೆಯನ್ನು ಖಾಲಿ ಮಾಡಿ, ಉಷ್ಣಸಂವೇದಕ ಮತ್ತು ಗಾಳಿದಾರಿಗೆ ಅಂಟಿದ ಜಿಡ್ಡನ್ನು ಒರೆಸುವುದು. ಮಸಿ ಹಿಡಿದ ಸಂವೇದಕ ತಪ್ಪು ಉಷ್ಣಾಂಶ ತೋರಿಸಬಲ್ಲದು.

5. ಹೆಚ್ಚಿನ ನಿಖರತೆ ಬಯಸುವವರು ಉಷ್ಣಮಾಪಕ ತಂತಿಯೊಂದನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬಹುದು. ಆರ್ಟಿಸನ್ ಎಂಬ ಮುಕ್ತ ತಂತ್ರಾಂಶ ಅದರ ಅಂಕಿಗಳನ್ನು ಕಂಪ್ಯೂಟರಿನಲ್ಲಿ ರೇಖೆಯಾಗಿ ತೋರಿಸುತ್ತದೆ. ಇದರಿಂದ ಮಾಹಿತಿ ಹೆಚ್ಚುತ್ತದೆಯೇ ಹೊರತು ರಕ್ಷಣೆ ಕುಂದುವುದಿಲ್ಲ.

ಇಷ್ಟಾದರೂ ಬೀಜ ಹದಕ್ಕೆ ಬಾರದಿದ್ದರೆ ಆ ಯಂತ್ರದ ಸಾಮರ್ಥ್ಯ ಅಷ್ಟೇ ಎಂದು ತಿಳಿಯುವುದು ಲೇಸು. ದೀರ್ಘ, ಗಾಢ ಹುರಿತ ಬೇಕೆನ್ನುವವರು ಅದಕ್ಕೆಂದೇ ರೂಪಿಸಿದ ಯಂತ್ರವನ್ನು ಕೊಳ್ಳುವುದು ಕ್ಷೇಮಕರ.

ಕರ್ನಾಟಕದ ಓದುಗರು ಗಮನಿಸಬೇಕಾದುದು

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಪಾಲು ಕರ್ನಾಟಕದ್ದಾಗಿದ್ದು, ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಇದರಲ್ಲಿ ಪ್ರಮುಖವಾಗಿವೆ. ಹಸಿ ಬೀಜ ಇಲ್ಲಿ ದುರ್ಲಭವಲ್ಲ. ಮಲೆನಾಡಿನ ಮನೆಗಳಲ್ಲಿ ಬಾಣಲೆಯಲ್ಲಿಯೋ ಕೈಯಿಂದ ತಿರುಗಿಸುವ ಕಬ್ಬಿಣದ ಉರುಳೆಯಲ್ಲಿಯೋ ಬೀಜ ಹುರಿಯುವುದು ಹಳೆಯ ರೂಢಿ. ಅಲ್ಲಿ ಕೈ ನಿಂತರೆ ಉರುಳೆಯೂ ನಿಲ್ಲುತ್ತಿತ್ತು. ಆದ್ದರಿಂದ ಹುರಿಯುವವರು ಒಲೆ ಬಿಟ್ಟು ಏಳುವ ಪ್ರಶ್ನೆಯೇ ಇರಲಿಲ್ಲ.

ಅಮೆರಿಕದಿಂದ ಬಂಧುಗಳು ತಂದುಕೊಟ್ಟ 120 ವೋಲ್ಟ್ ಯಂತ್ರವನ್ನು ನಮ್ಮ 230 ವೋಲ್ಟ್ ಪೂರೈಕೆಗೆ ನೇರವಾಗಿ ಜೋಡಿಸಬಾರದು. ಹಾಗೆ ಮಾಡಿದಲ್ಲಿ ಸುರುಳಿಯ ಶಾಖ ಮೂರೂವರೆ ಪಟ್ಟಿಗೂ ಮೀರಿ ಏರುತ್ತದೆ. 1600 ವ್ಯಾಟ್ ಯಂತ್ರಕ್ಕೆ 2000 ವೋಲ್ಟ್ ಆಂಪಿಯರ್‌ಗೆ ಕಡಿಮೆಯಿಲ್ಲದ ಇಳಿಕೆ ಟ್ರಾನ್ಸ್‌ಫಾರ್ಮರ್ ಅಗತ್ಯ. 230 ವೋಲ್ಟಿನ ಮಾದರಿಯಾದರೂ ಅದು ಸುಮಾರು 7 ಆಂಪಿಯರ್ ಎಳೆಯುವುದರಿಂದ ಸಾಮಾನ್ಯ 6 ಆಂಪಿಯರ್ ಸಾಕೆಟ್ ಸಾಲದು. ಭೂಸಂಪರ್ಕವುಳ್ಳ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು. ಪೂರೈಕೆ 195 ವೋಲ್ಟಿಗೆ ಕುಸಿಯುವ ಬಡಾವಣೆಗಳಲ್ಲಿ ಶಾಖ ಶೇ. 72ಕ್ಕೆ ಇಳಿಯುತ್ತದೆ. ಅಂತಹ ಹೊತ್ತಿನಲ್ಲಿ ಹುರಿಯದಿರುವುದೇ ಒಳಿತು.

ಬೆಂಕಿ ಹೊತ್ತಿಕೊಂಡಲ್ಲಿ

ಯಂತ್ರದೊಳಗೆ ಜ್ವಾಲೆ ಕಂಡರೆ ಬಾಗಿಲನ್ನು ತೆರೆಯಬಾರದು. ತೆರೆದರೆ ಒಳನುಗ್ಗುವ ಗಾಳಿ ಬೆಂಕಿಯನ್ನು ಹೆಚ್ಚಿಸುತ್ತದೆ. ಗೋಡೆಯ ಸ್ವಿಚ್ಚಿನಿಂದ ವಿದ್ಯುತ್ ಕಡಿತಗೊಳಿಸಬೇಕು. ನೀರು ಎರಚಕೂಡದು. ಸುತ್ತಲಿನ ಬಟ್ಟೆ, ಕಾಗದಗಳನ್ನು ದೂರ ಸರಿಸಿ, ವಿದ್ಯುತ್ ಬೆಂಕಿಗೆ ಹೊಂದುವ ಪುಡಿ ಮಾದರಿಯ ನಂದಕವನ್ನು ಸಿದ್ಧವಾಗಿ ಹಿಡಿದಿರಬೇಕು. ಬೆಂಕಿ ಯಂತ್ರದಿಂದ ಹೊರಗೆ ಚಾಚಿದರೆ ಮನೆಯವರೆಲ್ಲರೂ ಹೊರಬಂದು 101 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು. ಒಮ್ಮೆ ಉಷ್ಣ ಫ್ಯೂಸ್ ಕರಗಿದ ಯಂತ್ರವನ್ನು, ಕಾರಣ ಪತ್ತೆಯಾಗಿ ಅದೇ ಅಳತೆಯ ಫ್ಯೂಸನ್ನು ತಜ್ಞರು ಅಳವಡಿಸುವವರೆಗೆ ಮತ್ತೆ ಚಾಲನೆ ಮಾಡಬಾರದು.